ನವಿಲಿಗೆ ಬಿದ್ದ ಕೆಂಪು ಇಂಟು

ಲಕ್ಷ್ಮಿದೇವಮ್ಮನ ನವಿಲಿನ ಮೇಲೆ ಕೆಂಪು ಇಂಟು ಬಿದ್ದದ್ದು ಯಾರ ತಪ್ಪು ಅಂತ ಸಂಘದಲ್ಲಿ ಬೇಕಾದಷ್ಟು ಬಾಯಿ ಆಡಿತು. ಕಂಪ್ಯೂಟರಿನ ತಪ್ಪು ಅಂದರು, ಲೈನಿನ ತಪ್ಪು ಅಂದರು, ಓದು ಬರದ ಹೆಂಗಸಿನದೇ ತಪ್ಪು ಎನ್ನುವ ಮಹಾನುಭಾವರೂ ಇದ್ದರು. ಸಾಬ್ರೀನ್ ಯಾರ ಜೊತೆಗೂ ವಾದಕ್ಕೆ ನಿಲ್ಲಲಿಲ್ಲ. ಸಂಘದ ಕಂಪ್ಯೂಟರಿನಲ್ಲಿ ಆ ನವಿಲು ಇದ್ದ ಪುಟ ಮಾಡಿದವಳು ಅವಳು. ತಪ್ಪು ತನ್ನದೇ ಎಂದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು, ಅದಕ್ಕೇ ಅವಳಿಗೆ ಅಷ್ಟೊಂದು ಕೋಪ.

ಸಂಘವೆಂದರೆ ಮನೆಯಲ್ಲೇ ಚರಕ ಇಟ್ಟುಕೊಂಡು ರೇಷ್ಮೆ ನೂಲು ತೆಗೆಯುವ ಹೆಂಗಸರ ಸಂಘ. ನೂರಾ ಹನ್ನೆರಡು ಮನೆ. ತಂದ ರೇಷ್ಮೆಗೂಡನ್ನು ಹಾಗೇ ಇಟ್ಟರೆ ಒಳಗಿನ ಹುಳ ಚಿಟ್ಟೆಯಾಗಿ, ಗೂಡಿಗೆ ತೂತು ಮಾಡಿಕೊಂಡು ಹಾರಿಹೋಗುತ್ತದೆ. ತೂತು ಬಿದ್ದ ಗೂಡಿನಿಂದ ಉದ್ದಕ್ಕೆ ಎಳೆ ಬಿಚ್ಚುವುದು ಯಾರಪ್ಪನ ಕೈಲೂ ಆಗುವುದಿಲ್ಲ. ಆದ್ದರಿಂದ ನಾಲ್ಕೈದು ದಿನದೊಳಗೆ ಶಿಡ್ಲಘಟ್ಟದಲ್ಲಿರುವ ಸಂಘದ ಒಣಮನೆಗೆ ತಂದು ಬಿಸಿಗಾಳಿ ಕೊಡಿಸಬೇಕು. ಮನೆ ನೂರಾ ಹನ್ನೆರಡು, ಒಣಮನೆ ಒಂದೇ. ಸರದಿ ತಪ್ಪಿತೋ, ಗೂಡು ಹೋಯಿತು.

ಮೊದಲೆಲ್ಲ ಸರದಿ ಸಿಗುತ್ತಿದ್ದದ್ದು ಫೋನಿನಲ್ಲಿ. ಫೋನು ಇರುತ್ತಿದ್ದದ್ದು ಗಂಡಸರ ಜೇಬಿನಲ್ಲಿ. ಸಂಘದ ಕಾರ್ಯದರ್ಶಿ ಚಲಪತಿ ಯಾರದೋ ಗಂಡನಿಗೆ, ಯಾರದೋ ಮಗನಿಗೆ ಫೋನು ಮಾಡಿ ದಿನ ಹೇಳುತ್ತಿದ್ದ. ಅವರು ಟೀ ಅಂಗಡಿಯಲ್ಲಿ ಕೂತು ಆ ದಿನವನ್ನು ಇನ್ನೊಬ್ಬರಿಗೆ ದಾಟಿಸಿಬಿಡುತ್ತಿದ್ದರು. ಮನೆಯಲ್ಲಿ ಗೂಡಿನ ಮುಂದೆ ಕೂತವಳಿಗೆ ಸುದ್ದಿಯೇ ಇಲ್ಲ. ಇದು ನಡೆಯಬಾರದು ಅಂತಲೇ ಸಾಬ್ರೀನ್ ಆ ಪುಟ ಮಾಡಿದ್ದು.

ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಮಂಡಿಕಲ್, ನಾಲ್ಕು ಕಡೆ ಸಂಘದ ಕೇಂದ್ರ, ಕೇಂದ್ರಕ್ಕೊಂದು ಕಂಪ್ಯೂಟರ್. ಯಾವುದೋ ಆಫೀಸಿನವರು ಹೊಸದು ಕೊಂಡಾಗ ಕೊಡುಗೈ ದಾನಿಗಳಾಗಿ ಬಿಟ್ಟುಕೊಟ್ಟ ಹಳೆಯವು. ಸಾಬ್ರೀನ್ ಮನೆ ಮನೆಗೆ ಹೋಗಿ, ಒಬ್ಬೊಬ್ಬರ ಕೈಯಲ್ಲೂ ಅವರಿಗಿಷ್ಟವಾದ ಒಂದು ಚಿತ್ರ ಬರೆಸಿಕೊಂಡು ಬಂದಿದ್ದಳು. ಕೊಡೆ, ಬೀಗ, ಸೀಬೆಹಣ್ಣು, ಹೊಲಿಗೆ ಮಿಷನ್ನು. ಅವಳ ಅಮ್ಮಿ ಷಮೀಮ್ ಚಹಾದ ಕೆಟಲು ಬರೆದಳು. ಮಂಡಿಕಲ್‌ನ ಲಕ್ಷ್ಮಿದೇವಮ್ಮ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು, ಬಾಲದ ಒಂದು ಗರಿಯನ್ನೂ ಬಿಡದೆ ನವಿಲು ಬರೆದಳು. ಪುಟ ತೆರೆದರೆ ಚಿತ್ರಗಳು. ನಿನ್ನ ಚಿತ್ರ ಒತ್ತು, ಖಾಲಿಯಿರುವ ದಿನಗಳು ಬರುತ್ತವೆ, ದಿನ ಒತ್ತು, ಮುಗೀತು. ಓದು ಬರಬೇಕಿಲ್ಲ, ಮಗನ ಮುಂದೆ ಕೈ ಚಾಚಬೇಕಿಲ್ಲ. ಎರಡು ವರ್ಷ ಚೆನ್ನಾಗಿಯೇ ನಡೆಯಿತು.

ಆಮೇಲೆ ಮಂಡಿಕಲ್‌ನ ಲೈನು ಕೆಟ್ಟಿತು. ಕಂಪ್ಯೂಟರು ಒಂದೊಂದು ಚಿತ್ರಕ್ಕೂ ಶಿಡ್ಲಘಟ್ಟಕ್ಕೆ ಬೇರೆ ಬೇರೆ ಹೋಗಿ ಕೇಳಿಕೊಂಡು ಬರಬೇಕು. ಅರ್ಧ ತರುವಷ್ಟರಲ್ಲಿ ಲೈನು ಕಡಿದುಹೋಗುವುದು. ಬಾರದ ಚಿತ್ರದ ಜಾಗದಲ್ಲಿ ಆ ಹಳೇ ಬ್ರೌಸರ್ ಒಂದು ಚೌಕ ಬರೆದು, ಮೂಲೆಯಲ್ಲಿ ಕೆಂಪು ಇಂಟು ಹಾಕಿ ಕೂರುತ್ತಿತ್ತು. ಕಂಪ್ಯೂಟರ್ ಕಲಿತವರಿಗೆ ಅದು ಏನೂ ಅಲ್ಲ. ಆದರೆ ಸಂಘದ ಹೆಂಗಸರಿಗೆ ಕೆಂಪು ಇಂಟು ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಒಣಮನೆಯ ಮುನಿಗಂಗಪ್ಪ, ಬೇಡವೆಂದ ಗೂಡಿನ ಚೀಟಿಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಹಾಕುವುದು ಅದನ್ನೇ. ಅದು ಬಿದ್ದ ಮೇಲೆ ಮಾತಿಲ್ಲ, ಮೂಟೆ ಎತ್ತಿಕೊಂಡು ಮನೆಗೆ ಹೋಗಬೇಕು.

ಅದರ ಹಿಂದಿನ ವಾರವಷ್ಟೇ ಲಕ್ಷ್ಮಿದೇವಮ್ಮ ಸಭೆಯಲ್ಲಿ ಎದ್ದು ನಿಂತು ಚಲಪತಿಯ ಮುಖಕ್ಕೆ ಹೊಡೆದ ಹಾಗೆ ನಾಲ್ಕು ಮಾತು ಆಡಿದ್ದಳು. ಕೇಂದ್ರಕ್ಕೆ ಬಂದು ನೋಡುತ್ತಾಳೆ, ನವಿಲಿನ ಜಾಗದಲ್ಲಿ ಕೆಂಪು ಇಂಟು. ಓಹೋ, ನನ್ನನ್ನ ಸಂಘದಿಂದ ಹೊಡೆದುಹಾಕಿದರು ಅಂದುಕೊಂಡಳು. ಯಾರನ್ನೂ ಕೇಳಲಿಲ್ಲ, ಯಾಕೆ ಕೇಳಬೇಕು? ಸೆರಗು ಕೊಡವಿಕೊಂಡು ಮನೆಗೆ ಹೋದಳು. ಎಂಟನೇ ದಿನ ಚಿಟ್ಟೆಗಳು ಮನೆ ತುಂಬ ಹಾರಾಡಿದವು. ಒಂದು ಗೂಡೂ ಉಳಿಯಲಿಲ್ಲ.

ಸುದ್ದಿ ತಿಳಿದು ಸಾಬ್ರೀನ್ ಬಸ್ಸು ಹಿಡಿದು ಹೋದಳು. ಲಕ್ಷ್ಮಿದೇವಮ್ಮ ಹಜಾರದಲ್ಲಿ ತೂತು ಗೂಡುಗಳ ರಾಶಿಯ ಮುಂದೆ ಕೂತಿದ್ದಳು.

“ನಿಮ್ಮನ್ನ ಯಾರೂ ತೆಗೆದಿಲ್ಲ ದೇವಮ್ಮಕ್ಕ. ಅದು ಚಿತ್ರ ಬರದೇ ಇದ್ರೆ ತಾನಾಗೇ ಬರೋ ಗುರುತು.”

“ಹಂಗಾದ್ರೆ ಬೇರೆ ಗುರುತು ಸಿಗ್ಲಿಲ್ವೇನಮ್ಮ ಅದಕ್ಕೆ? ನನ್ ನವಿಲಿನ್ ಮೇಲೇ ಮುನಿಗಂಗಪ್ಪನ ಪೆನ್ಸಿಲ್ ಎಳೀಬೇಕಾ?”

ಸಾಬ್ರೀನ್‌ಗೆ ನಾಚಿಕೆಯಿಂದ ಮುಖ ಸುಟ್ಟ ಹಾಗಾಯಿತು. ಕಂಪ್ಯೂಟರ್ ಕಲಿತಾಗಿನಿಂದ ಎಷ್ಟೋ ಸಲ ಆ ಇಂಟು ನೋಡಿದ್ದಳು, ಒಂದು ದಿನವೂ ಈ ಹೆಂಗಸರ ಕಣ್ಣಿನಿಂದ ನೋಡಿರಲಿಲ್ಲ.

ಚಲಪತಿಗೆ ಇದು ಹಬ್ಬವಾಯಿತು. ಮಾರನೆಯ ದಿನವೇ ಬೆಂಗಳೂರಿನ ಕಂಪನಿಯ ಮನುಷ್ಯನೊಬ್ಬನನ್ನು ಕರೆಸಿ ಕೂರಿಸಿದ. ತೆಳ್ಳಗೆ, ಮರ್ಯಾದಸ್ಥನ ಹಾಗೆ ಇದ್ದ. ನಾಲ್ಕೂ ಕೇಂದ್ರದ ಕಂಪ್ಯೂಟರುಗಳ ಪಟ್ಟಿ ನೋಡಿ ಪಾಪ ಎನ್ನುವ ಹಾಗೆ ನಕ್ಕ.

“ಮೇಡಂ, ಮಂಡಿಕಲ್‌ದು ಎಕ್ಸ್‌ಪ್ಲೋರರ್ ಆರು. ಗೌರಿಬಿದನೂರು ಏಳು. ಮಿಕ್ಕಿದ್ದು ಎಂಟು. ಈ ಹಳೇ ಬ್ರೌಸರುಗಳಿಗೆ ಈಗ ಯಾರೂ ಕೆಲ್ಸ ಮಾಡೋಲ್ಲ. ನಮ್ದು ಫೋನಲ್ಲಿ. ನಂಬರ್ ಕೊಟ್ರೆ ಮೆಸೇಜ್ ಹೋಗುತ್ತೆ, ಅದರಲ್ಲಿ ಬಂದ ಅಂಕಿ ಒತ್ತಿದ್ರೆ ಸರದಿ ಸಿಗುತ್ತೆ.”

“ಯಾರ ಫೋನು?” ಅಂತ ಸಾಬ್ರೀನ್ ಕೇಳಿದಳು.

“ಮನೇಲಿ ಯಾರದ್ದಾದ್ರೂ ಇರುತ್ತಲ್ಲಾ.”

ಅಲ್ಲಿಗೆ ಮುಗೀತು. ಮತ್ತೆ ಟೀ ಅಂಗಡಿ, ಮತ್ತೆ ಗಂಡಸರ ಜೇಬು. ಸಾಬ್ರೀನ್‌ಗೆ ಮೈಯೆಲ್ಲ ಉರಿಯಿತು.

“ಚಲಪತಿ ಸಾರ್, ಮುಂದಿನ ಸಭೆ ಎಲ್ಲಿ?”

“ಇಲ್ಲೇ ಶಿಡ್ಲಘಟ್ಟದಲ್ಲಿ. ಯಾಕಮ್ಮ?”

“ಮಂಡಿಕಲ್‌ನಲ್ಲಿ ಇಡಿ. ಆ ಆರನೇ ನಂಬರ್ ಎಕ್ಸ್‌ಪ್ಲೋರರ್ ಮುಂದೇನೇ ಇಡಿ. ಅದರಲ್ಲಿ ನೂರಾ ಹನ್ನೆರಡು ಚಿತ್ರಾನೂ ಬರ್ಲಿಲ್ಲ ಅಂದ್ರೆ ನಾನೇ ನಿಮ್ಮ ಫೋನ್ ಪದ್ಧತಿಗೆ ಕೈ ಎತ್ತಿ, ಕೆಲ್ಸ ಬಿಟ್ಟು ಹೋಗ್ತೀನಿ.”

“ಹಠ ಬೇಡಮ್ಮ.”

“ಹಠಾನೇ ಸಾರ್.”

ಚಲಪತಿ ಒಪ್ಪಿದ. ಅವಳಾಗಿಯೇ ಬಂದು ಬಲೆಗೆ ಬಿದ್ದಳು ಅಂದುಕೊಂಡಿರಬೇಕು. ಹನ್ನೆರಡು ದಿನ ಸಮಯವಿತ್ತು.

ಮನೆಯಲ್ಲಿ ಷಮೀಮ್ ಮಗಳ ಮುಖ ನೋಡಿ, ಏನು ಮಾಡ್ತೀಯಾ ಅಂತ ಉರ್ದುವಿನಲ್ಲಿ ಕೇಳಿದಳು. ಸಾಬ್ರೀನ್ ಅಮ್ಮಿಗೆ ಅರ್ಥವಾಗುವ ಹಾಗೆ ಹೇಳಿದಳು. ಮದುವೆ ಮನೆಗೆ ಅಕ್ಕಿಗೊಬ್ಬ, ಎಣ್ಣೆಗೊಬ್ಬ, ಏಲಕ್ಕಿಗೊಬ್ಬ ಅಂತ ನೂರಾ ಹನ್ನೆರಡು ಜನರನ್ನು ಅಂಗಡಿಗೆ ಓಡಿಸುತ್ತಿದ್ದೆ, ದಾರಿಯಲ್ಲಿ ಅರ್ಧ ಜನ ಕಳೆದುಹೋಗುತ್ತಿದ್ದರು. ಇನ್ನು ಮೇಲೆ ಎಲ್ಲ ಸಾಮಾನನ್ನೂ ಒಂದೇ ಮೂಟೆ ಕಟ್ಟಿ ಒಂದೇ ಸಲ ಕಳಿಸುತ್ತೇನೆ. ಆ ಮೂಟೆ ಯಾವುದು ಅಂದರೆ ಸ್ಟೈಲ್‌ಶೀಟು. ಬಣ್ಣ ಯಾವುದು, ಅಕ್ಷರ ಎಷ್ಟು ದಪ್ಪ, ಯಾವುದು ಎಲ್ಲಿ ಕೂರಬೇಕು ಅಂತ ಪುಟಕ್ಕೆ ಹೇಳಿಕೊಡುವ ಫೈಲು ಅದು. ಹೇಗಿದ್ದರೂ ಅದು ಬಂದೇ ಬರುತ್ತದೆ. ಚಿತ್ರಗಳನ್ನೂ ಅದರ ಹೊಟ್ಟೆಯೊಳಗೇ ಇಟ್ಟುಬಿಡುವುದು. ಒಮ್ಮೆ ಇಳಿದರೆ, ಶಿಡ್ಲಘಟ್ಟದ ಸರ್ವರಿನಲ್ಲಿ ಫೈಲು ಬದಲಾಗುವವರೆಗೂ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಲೈನು ಸತ್ತರೂ ಚಿತ್ರ ಹೋಗುವುದಿಲ್ಲ.

“ಚಿತ್ರ ಹೇಗೆ ಹಿಡಿಯುತ್ತೆ ಅದರೊಳಗೆ?” ಅಂದಳು ಷಮೀಮ್.

“ಅಕ್ಷರ ಮಾಡಿಬಿಡ್ತೀನಿ ಅಮ್ಮಿ. ನಿನ್ನ ಕೆಟಲು ಈಗ ಎರಡು ಸಾವಿರ ಚಿಲ್ಲರೆ ಅಕ್ಷರ.”

ಷಮೀಮ್ ಪರದೆಯ ಮೇಲೆ ಸಾಲು ಸಾಲಾಗಿ ಹರಿದ ಅರ್ಥವಿಲ್ಲದ ಅಕ್ಷರಗಳನ್ನು ನೋಡಿ ನಕ್ಕುಬಿಟ್ಟಳು. ನನ್ನ ಇಡೀ ಜೀವಮಾನದಲ್ಲಿ ನಾನು ಬರೆದ ಅಕ್ಷರ ಅಂದರೆ ಇಷ್ಟೇ ನೋಡು ಅಂದಳು.

ಶಿಡ್ಲಘಟ್ಟದಲ್ಲಿ ಎರಡನೇ ದಿನಕ್ಕೇ ಎಲ್ಲವೂ ಬಂತು, ಒಂದನ್ನು ಬಿಟ್ಟು. ಲಕ್ಷ್ಮಿದೇವಮ್ಮನ ನವಿಲು. ಎಂಟನೇ ಎಕ್ಸ್‌ಪ್ಲೋರರ್ ಒಂದು ಚಿತ್ರಕ್ಕೆ ಮೂವತ್ತೆರಡು ಸಾವಿರ ಅಕ್ಷರದಷ್ಟೇ ಜಾಗ ಕೊಡುತ್ತದೆ, ಮೇಲೆ ಹೋದರೆ ಇಡೀ ಚಿತ್ರವನ್ನೇ ತಿರುಗಿ ನೋಡುವುದಿಲ್ಲ. ಅಕ್ಷರವಾಗುವಾಗ ಚಿತ್ರ ಮೂರನೇ ಒಂದು ಪಾಲು ಬೇರೆ ಊದಿಕೊಳ್ಳುತ್ತದೆ. ಆ ಗರಿಗಳೆಲ್ಲ ಸೇರಿ ನವಿಲು ಮೂವತ್ತೇಳು ಸಾವಿರ ದಾಟಿತ್ತು. ಸಾಬ್ರೀನ್ ಫೋನು ಮಾಡಿ, ದೇವಮ್ಮಕ್ಕ, ಸ್ವಲ್ಪ ಗರಿ ಕಮ್ಮಿ ಮಾಡಲಾ ಅಂತ ಕೇಳಿದಳು. ಫೋನು ಎತ್ತಿದ್ದು ಮಗ ವೇಣು. ಅವನು ತಾಯಿಗೆ ಮಾತು ದಾಟಿಸುವಷ್ಟರಲ್ಲೇ ಆ ಕಡೆಯಿಂದ ಕೂಗು ಕೇಳಿಸಿತು.

“ಒಂದು ಗರಿ ಕಿತ್ರೂ ಸುಮ್ನಿರಲ್ಲ! ಗೂಡು ಹೋಯ್ತು, ನವಿಲೂ ಬೋಳಾಗ್ಬೇಕಾ? ಬೇರೆಯೋರ್ದು ಪೂರ್ತಿ ಬರುತ್ತೆ, ನಂದೂ ಪೂರ್ತಿ ಬರ್ಬೇಕು ಕಣಮ್ಮ!”

ಸಾಬ್ರೀನ್‌ಗೆ ಆ ಕೂಗು ಕೇಳಿ ಖುಷಿಯೇ ಆಯಿತು. ಗೂಡಿನ ರಾಶಿಯ ಮುಂದೆ ಕೂತಿದ್ದವಳು ಎದ್ದು ಬಂದಿದ್ದಾಳೆ ಅನ್ನಿಸಿತು. ಸರಿ ಅಂತ ನವಿಲನ್ನು ಎರಡು ತುಂಡು ಮಾಡಿದಳು. ಕೊಕ್ಕು, ಕತ್ತು, ಮೈ ಒಂದು ಚಿತ್ರ, ಬಾಲ ಇನ್ನೊಂದು. ಎರಡನ್ನೂ ನಡುವೆ ಕೂದಲೆಳೆಯಷ್ಟೂ ಸಂದು ಕಾಣದಂತೆ ಪಕ್ಕಪಕ್ಕ ಕೂರಿಸಿದಳು. ಶಿಡ್ಲಘಟ್ಟದಲ್ಲೂ ಚಿಂತಾಮಣಿಯಲ್ಲೂ ನವಿಲು ಗರಿಸಮೇತ ಬಂದು ನಿಂತಿತು.

ಗೌರಿಬಿದನೂರು, ಮಂಡಿಕಲ್ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಆರು, ಏಳನೇ ಎಕ್ಸ್‌ಪ್ಲೋರರಿಗೆ ಅಕ್ಷರವಾದ ಚಿತ್ರ ಅಂದರೆ ಏನೆಂದೇ ಗೊತ್ತಿಲ್ಲ. ಐದು ದಿನ ಸಾಬ್ರೀನ್ ಎರಡೂ ಊರಿಗೆ ಬಸ್ಸಿನಲ್ಲಿ ತಿರುಗಿದಳು. ಏನು ಕೇಳಿದರೂ ಬಲ್ಲವರು ಒಂದೇ ಮಾತು ಹೇಳುತ್ತಿದ್ದರು: ಹಳೇದನ್ನ ಬಿಟ್ಟುಬಿಡಿ. ಬಿಡಬೇಕಂತೆ! ಬಿಟ್ಟರೆ ಅದರ ಮುಂದೆ ಕೂತ ಹೆಂಗಸರನ್ನೂ ಬಿಟ್ಟ ಹಾಗೆ ಅಲ್ಲವಾ? ಅದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಕೊನೆಗೆ ಯಾರೋ ಪುಣ್ಯಾತ್ಮರು ಯಾವ ಕಾಲದಲ್ಲೋ ಬರೆದಿಟ್ಟ ಒಂದು ಪುಟ ಸಿಕ್ಕಿತು. ಸ್ಟೈಲ್‌ಶೀಟಿನಲ್ಲಿ ಬರೆಯುವವರು ತಮಗಾಗಿ ಟಿಪ್ಪಣಿ ಹಾಕಿಕೊಳ್ಳುವ ಜಾಗವೊಂದು ಉಂಟು, ಕಾಮೆಂಟು ಅಂತ. ಬ್ರೌಸರ್ ಅದನ್ನು ಓದದೆ ದಾಟಿಕೊಂಡು ಹೋಗುತ್ತದೆ. ಆ ಟಿಪ್ಪಣಿಯೊಳಗೆ ಚಿತ್ರಗಳನ್ನೆಲ್ಲ ಹಳೇ ಕಾಲದ ಈಮೇಲಿನ ಕಟ್ಟಿನ ಹಾಗೆ, ಒಂದೊಂದಕ್ಕೂ ಹೆಸರು ಹಾಕಿ ಜೋಡಿಸಿಡಬೇಕು. ಹಳೇ ಬ್ರೌಸರಿಗೆ ಮಾತ್ರ ಅರ್ಥವಾಗುವ ಒಂದು ಸಾಲಿನಲ್ಲಿ, ಹೋಗಿ ಆ ಟಿಪ್ಪಣಿ ಬಿಚ್ಚಿ ನೋಡು, ಅದರಲ್ಲಿ ನವಿಲು ಇದೆ ಅನ್ನಬೇಕು. ಹೊಸದು ಟಿಪ್ಪಣಿಯನ್ನು ದಾಟಿ ಹೋಗುತ್ತದೆ, ಹಳೆಯದು ಒಳಗೆ ಇಣುಕುತ್ತದೆ. ಒಂದೇ ಫೈಲು, ಇಬ್ಬರಿಗೂ ಊಟ. ಹತ್ತನೇ ದಿನ ಮಂಡಿಕಲ್‌ನ ಆ ಹಳೇ ಡಬ್ಬದಲ್ಲಿ ಕೆಟಲು ಮೂಡಿದಾಗ ಸಾಬ್ರೀನ್ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದಳು.

ಸಭೆಯ ದಿನ ಮಂಡಿಕಲ್ ಕೇಂದ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಒಳಗೆ ತುಂಬಿ, ಜಗಲಿಗೂ ಬಂದಿದ್ದರು. ಅವರ ಗಂಡಂದಿರು, ಮಕ್ಕಳು ಬೈಕುಗಳ ಮೇಲೆ ಕೂತು ಕಿಟಕಿಯಲ್ಲಿ ನೋಡುತ್ತಿದ್ದರು. ವೇಣು ಬಾಗಿಲಲ್ಲೇ ನಿಂತಿದ್ದ. ಚಲಪತಿ ಕುರ್ಚಿ ಎಳೆದುಕೊಂಡು, ಒತ್ತಮ್ಮ ನೋಡೋಣ ಅಂದ.

ಸಾಬ್ರೀನ್ ಒತ್ತಿದಳು. ಪುಟ ಬಂತು. ಪುಟದ ತುಂಬ ಬಿಳಿ ಜಾಗ. ಒಂದು ಚಿತ್ರವೂ ಇಲ್ಲ.

ಮತ್ತೆ ಒತ್ತಿದಳು. ಬಿಳಿ. ಹಿಂದಿನಿಂದ ಗುಸುಗುಸು ಶುರುವಾಯಿತು. ಲಕ್ಷ್ಮಿದೇವಮ್ಮ ಮುಂದೆ ಬಗ್ಗಿ ಪರದೆಯಲ್ಲಿ ನವಿಲು ಹುಡುಕಿದಳು.

“ಬೇಜಾರ್ ಮಾಡ್ಕೋಬೇಡಿ ಮೇಡಂ,” ಅಂದ ಕಂಪನಿಯ ಮನುಷ್ಯ, ಸಮಾಧಾನದ ದನಿಯಲ್ಲೇ. “ಚಲಪತಿ ಸಾರ್ ನಿನ್ನೆ ನಂಗೆ ಸರ್ವರ್ ತೋರ್ಸಿದ್ರು. ನಿಮ್ಮ ಫೈಲಲ್ಲಿ ಅರ್ಧಕ್ಕರ್ಧ ಬರೀ ಕಾಮೆಂಟು, ಕಸ. ಅದನ್ನೆಲ್ಲ ತೆಗ್ದು ಹಗುರ ಮಾಡ್ದೆ, ನಿಮಗೇ ಅನುಕೂಲ ಆಗ್ಲಿ ಅಂತ. ಆದ್ರೂ ಬರ್ತಿಲ್ಲ ನೋಡಿ.”

ಸಾಬ್ರೀನ್ ಎದ್ದು ನಿಂತಳು.

“ಕಸಾನಾ? ಅಲ್ಲ ಸಾರ್, ಯಾರ್ ಮನೆಗೆ ಹೋದ್ರೂ ಹಿಂಗೇ ಮಾಡ್ತೀರಾ? ಏನು ಅಂತ ಕೇಳದೇ ಗುಡಿಸಿ ಎಸೀತೀರಾ? ಆ ಕಾಮೆಂಟಲ್ಲೇ ಇದ್ದಿದ್ದು ಇವ್ರೆಲ್ಲಾ! ನೂರಾ ಹನ್ನೆರಡು ಮನೆ ಎತ್ತಿ ತಿಪ್ಪೆಗೆ ಹಾಕಿದ್ದೀರಿ ನೀವು!”

ಅವನ ಮುಖ ಪೆಚ್ಚಾಯಿತು. ಸಾಬ್ರೀನ್ ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿ, ತನ್ನ ಫೈಲನ್ನು ಅಲ್ಲಿಂದಲೇ ಸರ್ವರಿಗೆ ಹತ್ತಿಸಲು ಕೂತಳು. ಆ ಲೈನಿನಲ್ಲಿ ಅದು ಆಮೆಯ ನಡಿಗೆ. ಐದು ನಿಮಿಷವಾಯಿತು, ಹತ್ತಾಯಿತು. ಚಲಪತಿ ಗಡಿಯಾರ ನೋಡಿ, ಎಷ್ಟೊತ್ತಮ್ಮ ಕಾಯೋದು ಅಂದ.

“ಎಂಟು ದಿನ ನಾನು ಕಾದಿದ್ದೀನಿ ಕಣಪ್ಪ ಮನೇಲಿ,” ಅಂದಳು ಲಕ್ಷ್ಮಿದೇವಮ್ಮ. “ನೀನು ಹತ್ತು ನಿಮಿಷ ಕೂತ್ಕೋ.”

ಕೊನೆಗೆ ಸಾಬ್ರೀನ್ ಮತ್ತೆ ಒತ್ತಿದಳು. ಒಂದು ಗಳಿಗೆ ಬಿಳಿಯಾಗಿಯೇ ಇತ್ತು. ಆಮೇಲೆ ಕೊಡೆ, ಬೀಗ, ಸೀಬೆಹಣ್ಣು, ಕೆಟಲು, ಎಲ್ಲ ಒಟ್ಟಿಗೇ ದಡಬಡ ಅಂತ ಬಂದು ಕೂತವು. ನಟ್ಟ ನಡುವೆ ನವಿಲು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ತಮ್ಮ ತಮ್ಮ ಚಿತ್ರ ಹುಡುಕಿದರು. ಷಮೀಮ್ ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ, ನಂದು ಮೂರನೇ ಸಾಲಿನಲ್ಲಿದೆ ಅಂತ ಪಕ್ಕದವಳಿಗೆ ತೋರಿಸುತ್ತಿದ್ದಳು. ಕಂಪನಿಯ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡು, ಆರರಲ್ಲಿ ಹೀಗೂ ಆಗುತ್ತಾ ಅಂತ ತನಗೆ ತಾನೇ ಅಂದುಕೊಂಡ.

ಚಲಪತಿ ಮಾತ್ರ ಅಲ್ಲಾಡಲಿಲ್ಲ.

“ಆಯ್ತು, ಬಂತು, ಸಂತೋಷ. ಆದ್ರೆ ಈ ಡಬ್ಬ ಇನ್ನೆಷ್ಟು ದಿನ ಬರುತ್ತೆ? ಕಂಪನಿಯೋರು ಇಷ್ಟು ದೂರ ಬಂದಿದ್ದಾರೆ. ಎಲ್ರೂ ಒಂದೊಂದು ಫೋನ್ ನಂಬರ್ ಬರೆಸಿ ಹೋಗಿ. ಎರಡೂ ಇರ್ಲಿ ಸದ್ಯಕ್ಕೆ, ಆಮೇಲೆ ನೋಡಣ.”

ಆಮೇಲೆ ನೋಡಣ ಅಂದರೆ ಏನು ಅಂತ ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತು. ಚಲಪತಿಯ ಪುಸ್ತಕ ಆಗಲೇ ತೆರೆದಿತ್ತು, ಪೆನ್ನು ಕೈಯಲ್ಲಿತ್ತು. ಚಿತ್ರ ತರುವುದು ಸಾಬ್ರೀನ್ ಕೈಲಿತ್ತು, ತಂದಿದ್ದಳು. ಇದು ಅವಳ ಕೈಲಿರಲಿಲ್ಲ. ಮೊದಲ ಹೆಸರು ಲಕ್ಷ್ಮಿದೇವಮ್ಮನದೇ ಕೂಗಿದರು. ಬಾಗಿಲಿನಿಂದ ವೇಣು ಮುಂದೆ ಬಂದ.

“ಬರ್ಕೊಳಿ ಸಾರ್. ತೊಂಬತ್ತೊಂಬತ್ತು…”

“ಕೂಚೋರಾ!” ಅಂದಳು ತಾಯಿ. ಸಿಟ್ಟು ಬಂದರೆ ಅವಳಿಗೆ ತೆಲುಗೇ ಬರುವುದು. ಮಗ ನಿಂತಲ್ಲೇ ಕುಕ್ಕರಿಸಿದ. ಲಕ್ಷ್ಮಿದೇವಮ್ಮ ಚಲಪತಿಯ ಕಡೆ ತಿರುಗಿದಳು.

“ಮುಂಚೆ ಫೋನ್ ಇದ್ದಾಗ ನನ್ ಸರದೀನ ಎರಡು ಸಲ ಯಾರಿಗೋ ಕೊಟ್ಟು ಬಂದಿದ್ದಾನೆ ಇವನು. ಮಗ ಅಂತ ಬಾಯಿ ಮುಚ್ಕೊಂಡಿದ್ದೆ. ಫೋನು ಇವನ್ದು ಕಣಪ್ಪ ಚಲಪತಿ. ಗೂಡು ನಂದು. ನಂಬರ್ ಕೊಡಲ್ಲ.”

ಚಲಪತಿ ಷಮೀಮ್ ಕಡೆ ನೋಡಿದ. ಷಮೀಮ್ ಸಭೆಯಲ್ಲಿ ಮಾತಾಡಿದ್ದನ್ನು ಸಾಬ್ರೀನ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

“ನಂದೂ ಕೊಡಲ್ಲ,” ಅಂದಳು ಷಮೀಮ್. ಅವಳ ಹಿಂದಿನವಳೂ ಅದನ್ನೇ ಅಂದಳು, ಅವಳ ಹಿಂದಿನವಳೂ. ಜಗಲಿಯಲ್ಲಿದ್ದವರು ಹೆಸರು ಕೂಗುವವರೆಗೂ ಕಾಯಲಿಲ್ಲ, ಕಿಟಕಿಯಿಂದಲೇ ಕೂಗಿದರು. ಚಲಪತಿಯ ಪುಸ್ತಕದಲ್ಲಿ ಒಂದು ನಂಬರೂ ಬೀಳಲಿಲ್ಲ. ಸಾಬ್ರೀನ್‌ಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳುವುದಕ್ಕೂ ಹೋಗಲಿಲ್ಲ.

ಲಕ್ಷ್ಮಿದೇವಮ್ಮ ಕಂಪ್ಯೂಟರಿನ ಮುಂದೆ ಕೂತಳು. ನವಿಲು ಒತ್ತಿದಳು, ದಿನಗಳು ಬಂದವು. ಬೆರಳಿನಿಂದ ಎಣಿಸಿ ಒಂದನ್ನು ಒತ್ತಿದಳು.

“ವೇಣು,” ಅಂತ ಕೂಗಿದಳು, ಪರದೆಯಿಂದ ಕಣ್ಣು ತೆಗೆಯದೆ. “ಗುರುವಾರ ಬೆಳಿಗ್ಗೆ ಆರಕ್ಕೆ ಆಟೋ ತಗೊಂಡು ಮನೆ ಮುಂದೆ ಇರು. ಹೊಸ ಗೂಡು ಶಿಡ್ಲಘಟ್ಟಕ್ಕೆ ಹೋಗ್ಬೇಕು.”

“ಆಯ್ತಮ್ಮ,” ಅಂದ ವೇಣು.